ನಿಧಾನವೇ ಪ್ರಧಾನವಲ್ಲ: ಹಳೆಯ ಗೇಮ್ ಕನ್ಸೋಲಿಗೆ ಯಾವ ಖಾಲಿ ಡಿಸ್ಕ್, ಯಾವ ಸ್ಪೀಡ್

ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್, ಡ್ರೀಮ್‌ಕಾಸ್ಟ್ ಇಟ್ಟುಕೊಂಡವರ ಬಾಯಲ್ಲಿ ಒಂದು ಸಲಹೆ ಈಗಲೂ ಓಡಾಡುತ್ತದೆ: ಖಾಲಿ ಡಿಸ್ಕಿಗೆ ಆಟ ಬರೆಯುವಾಗ, ಅಂದರೆ ಬರ್ನ್ ಮಾಡುವಾಗ, ವೇಗ 1 ಎಕ್ಸ್ ಇಡಿ, ಆಗದಿದ್ದರೆ 2 ಎಕ್ಸ್, ನಿಧಾನವೇ ಪ್ರಧಾನ. ಈ ಮಾತು ಹುಟ್ಟಿದ 1990ರ ದಶಕದಲ್ಲಿ ಅದು ಸರಿಯಾಗಿಯೇ ಇತ್ತು. ಆಗಿನ ಡಿಸ್ಕ್‌ಗಳನ್ನು 2 ಎಕ್ಸ್, 4 ಎಕ್ಸ್‌ಗೆಂದೇ ಮಾಡುತ್ತಿದ್ದರು. ಕಂಪ್ಯೂಟರ್ ಒಂದು ಕ್ಷಣ ತಡವರಿಸಿದರೆ ಡ್ರೈವಿನ ತಾತ್ಕಾಲಿಕ ಮೆಮೊರಿಯಾದ ಬಫರ್ ಬರಿದಾಗಿ ಡಿಸ್ಕ್ ಕಸದ ಬುಟ್ಟಿ ಸೇರುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಸಿಡಿ-ಆರ್ (ಒಮ್ಮೆ ಮಾತ್ರ ಬರೆಯಬಹುದಾದ ಖಾಲಿ ಸಿಡಿ) ಮೇಲೆ 52 ಎಕ್ಸ್ ಎಂದು ಬರೆದಿರುತ್ತದೆ. ಅದನ್ನು 4 ಎಕ್ಸ್‌ನಲ್ಲಿ ಬರ್ನ್ ಮಾಡಿದರೆ ಎಷ್ಟೋ ಸಲ 16 ಎಕ್ಸ್‌ನಲ್ಲಿ ಮಾಡಿದ್ದಕ್ಕಿಂತ ಕೆಟ್ಟ ಡಿಸ್ಕ್ ಹೊರಬರುತ್ತದೆ.

ತುರ್ತಿನಲ್ಲಿರುವವರು ಇಷ್ಟು ಹಿಡಿದುಕೊಂಡು ಹೋಗಬಹುದು. ಡೆಸ್ಕ್‌ಟಾಪಿನ ದಪ್ಪ ಡ್ರೈವ್ ಇದ್ದರೆ 52 ಎಕ್ಸ್ ಸಿಡಿ-ಆರ್‌ಗೆ 16 ಎಕ್ಸ್, ಹೆಚ್ಚೆಂದರೆ 24. ಯುಎಸ್‌ಬಿಯ ತೆಳ್ಳನೆ ಡ್ರೈವ್ ಆದರೆ 10 ಅಥವಾ 16. 16 ಎಕ್ಸ್ ಡಿವಿಡಿ-ಆರ್‌ಗೆ 8, ಅದು ಕೈಕೊಟ್ಟರೆ 4. ಆದರೆ ನಿಮ್ಮ ಡ್ರೈವ್ ಮತ್ತು ನಿಮ್ಮ ಡಿಸ್ಕಿನ ಜೋಡಿಗೆ ಯಾವುದು ಒಗ್ಗುತ್ತದೆ ಎಂಬುದು ಅಳೆದು ನೋಡಿದ ಮೇಲೆಯೇ ತಿಳಿಯುವುದು. ಅಳೆಯುವ ಬಗೆ ಕೆಳಗಿದೆ.

ಸ್ಪೀಡ್ ಯಾಕೆ ಮುಖ್ಯ

ಸಿಡಿ-ಆರ್‌ನಲ್ಲಿ ಬಣ್ಣದ ಒಂದು ತೆಳು ಪದರವಿದೆ, ಅದಕ್ಕೆ ಡೈ ಎನ್ನುತ್ತಾರೆ. ಬರ್ನರಿನ ಲೇಸರ್ ಅದನ್ನು ಕಾಯಿಸಿ ಗುರುತು ಮೂಡಿಸುತ್ತದೆ. ಕನ್ಸೋಲ್ ಓದುವುದು ಆ ಗುರುತಿನ ಉದ್ದವನ್ನು ಮತ್ತು ಎರಡು ಗುರುತುಗಳ ನಡುವಿನ ಅಂತರವನ್ನು. ಅಂಚು ಎಷ್ಟು ಖಚಿತವಾಗಿದೆಯೋ ಓದು ಅಷ್ಟು ಸಲೀಸು. ವೇಗದ ಡಿಸ್ಕಿನ ಡೈ ಬೇಗ ಕಾಯುವಂಥದ್ದು. ಲೇಸರ್ ಅದರ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರೆ ಬಿಸಿ ಪಕ್ಕಕ್ಕೂ ಹರಡುತ್ತದೆ, ಶಾಯಿ ಹೀರುವ ಕಾಗದದ ಮೇಲೆ ಬರೆದ ಅಕ್ಷರದ ಹಾಗೆ ಅಂಚು ಹಿಂಜುತ್ತದೆ. ಈ ಏರುಪೇರಿಗೆ ಜಿಟ್ಟರ್ ಎಂದು ಹೆಸರು.

ಎರಡನೆಯ ಕಾರಣ ಡ್ರೈವಿನ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ಸಾಫ್ಟ್‌ವೇರ್. ಯಾವ ಡಿಸ್ಕಿಗೆ ಯಾವ ವೇಗದಲ್ಲಿ ಲೇಸರ್ ಮಿಡಿತ ಹೇಗಿರಬೇಕು ಎಂಬ ಪಟ್ಟಿ ಅದರೊಳಗೆ ಕೂತಿದೆ. ತಯಾರಕರು ಆ ಪಟ್ಟಿಯನ್ನು ತಿದ್ದಿ ತೀಡಿದ್ದು ಜನ ಬಳಸುವ ವೇಗಗಳಿಗೆ. 4 ಎಕ್ಸ್‌ಗೆ ಹೊಸ ಡ್ರೈವ್‌ಗಳಲ್ಲಿ ಅಷ್ಟು ಗಮನ ಸಿಕ್ಕಿಲ್ಲ. ಬಹಳಷ್ಟು ಡ್ರೈವ್‌ಗಳು 8, 10 ಅಥವಾ 16ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಸಾಫ್ಟ್‌ವೇರಿನಲ್ಲಿ 1 ಎಕ್ಸ್ ಎಂದು ಆರಿಸಿದರೂ ಡ್ರೈವ್ ಸದ್ದಿಲ್ಲದೆ ತನ್ನ ಕನಿಷ್ಠ ವೇಗಕ್ಕೆ ಹೋಗುತ್ತದೆ. 1 ಎಕ್ಸ್ ಎಂದರೆ ಸೆಕೆಂಡಿಗೆ 150 ಕಿಲೋಬೈಟ್, ತುಂಬಿದ ಡಿಸ್ಕಿಗೆ 80 ನಿಮಿಷ ಬೇಕು. ಐದಾರು ನಿಮಿಷದಲ್ಲಿ ಮುಗಿಯಿತು ಎಂದರೆ ನಿಮ್ಮ 1 ಎಕ್ಸ್ ನಿಜಕ್ಕೂ 16 ಎಕ್ಸ್ ಆಗಿತ್ತು.

ಹಾಗೆಂದು 48, 52ಕ್ಕೆ ಏರಿಸುವುದೂ ತರವಲ್ಲ. ಆ ವೇಗದಲ್ಲಿ ಡ್ರೈವ್ ಒಳಗಡೆ ಸುಮಾರು 20 ಎಕ್ಸ್‌ನಿಂದ ಶುರುಮಾಡಿ ಹೊರ ಅಂಚಿಗೆ ಹೋಗುತ್ತಾ ಏರಿಸುತ್ತದೆ. ಡಿಸ್ಕ್ ನಡುಗುತ್ತದೆ, ಲೇಸರಿನ ಶಕ್ತಿ ಕ್ಷಣಕ್ಷಣ ಬದಲಾಗುತ್ತದೆ, ತಪ್ಪುಗಳೆಲ್ಲ ಹೊರ ಅಂಚಿನಲ್ಲಿ ಗುಡ್ಡೆಯಾಗುತ್ತವೆ. ಆಟ ಚೆನ್ನಾಗಿ ಶುರುವಾಗಿ ಕೊನೆಯ ಹಂತದಲ್ಲಿ ನಿಲ್ಲುವುದಕ್ಕೆ ಇದೇ ಸಾಮಾನ್ಯ ಕಾರಣ.

ಕನ್ಸೋಲ್ ಏನನ್ನು ನೋಡುತ್ತದೆ

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕನಿಷ್ಠ 70 ಶೇಕಡಾ ಹಿಂದಿರುಗಿಸಬೇಕು ಎಂಬುದು ನಿಯಮ. ಒಳ್ಳೆಯ ಸಿಡಿ-ಆರ್ ಅದರ ಹತ್ತಿರಕ್ಕೆ ಬರುತ್ತದೆ. ಸಿಡಿ-ಆರ್‌ಡಬ್ಲ್ಯೂ ಕೊಡುವುದು 15ರಿಂದ 25 ಶೇಕಡಾ ಮಾತ್ರ. 1990ರ ದಶಕದ ಪಿಕಪ್‌ಗಳು (ಡಿಸ್ಕ್ ಓದುವ ಲೇಸರ್ ಮತ್ತು ಲೆನ್ಸ್ ಇರುವ ಭಾಗ) ಇಷ್ಟು ಮಂಕಾದ ಡಿಸ್ಕಿಗೆಂದು ಮಾಡಿದವಲ್ಲ. ಮತ್ತೆ ಅಳಿಸಿ ಬರೆಯಬಹುದಲ್ಲ ಎಂಬ ಆಸೆಗೆ ಆರ್‌ಡಬ್ಲ್ಯೂ ತರಬೇಡಿ.

ಇನ್ನೊಂದು ಸಂಗತಿ ತಿಳಿದಿದ್ದರೆ ದೋಷ ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಸಿಡಿಯ ಒಂದು ಸೆಕ್ಟರಿನಲ್ಲಿ, ಅಂದರೆ ಅದರ ಮಾಹಿತಿಯ ಒಂದು ತುಂಡಿನಲ್ಲಿ, 2352 ಬೈಟ್ ಇರುತ್ತವೆ. ಆಟದ ಪ್ರೋಗ್ರಾಂ ಇರುವ ಸಾಮಾನ್ಯ ಡೇಟಾ ಸೆಕ್ಟರಿನಲ್ಲಿ 2048 ಬೈಟ್ ಮಾತ್ರ ಸರಕು, ಉಳಿದದ್ದರಲ್ಲಿ 276 ಬೈಟ್ ತಪ್ಪು ತಿದ್ದುವುದಕ್ಕೇ ಮೀಸಲು. ಆದರೆ ಸಿಡಿ ಆಡಿಯೋ ಟ್ರ್ಯಾಕಿಗೆ ಈ ಹೆಚ್ಚುವರಿ ಕಾವಲಿಲ್ಲ, ಪ್ಲೇಸ್ಟೇಷನ್ ವೀಡಿಯೋಗಳ ಜೊತೆ ಹರಿದು ಬರುವ ಎಕ್ಸ್‌ಎ ಧ್ವನಿಯ ಸೆಕ್ಟರಿಗೂ ಇಲ್ಲ. ಮೇಲಾಗಿ ಹಾಡು, ವೀಡಿಯೋ ಎರಡೂ ನಿಲ್ಲದೆ ಹರಿಯಬೇಕು. ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದಲು ಸಮಯವಿಲ್ಲ. ಆದ್ದರಿಂದ ಡಿಸ್ಕ್ ಸ್ವಲ್ಪ ಕೆಟ್ಟಿದ್ದರೆ ಮೊದಲು ಮುಗ್ಗರಿಸುವುದು ಹಾಡು ಮತ್ತು ವೀಡಿಯೋ. ಆಟವೇ ತೆರೆಯದಿದ್ದರೆ ಕಾರಣ ಬೇರೆ ಕಡೆ ಇರುವ ಸಾಧ್ಯತೆ ಹೆಚ್ಚು.

ಡಿಸ್ಕ್ ಆರಿಸುವುದು

ಪೆಟ್ಟಿಗೆಯ ಮೇಲಿನ ಹೆಸರು ಡಿಸ್ಕ್ ಮಾಡಿದವರ ಹೆಸರಲ್ಲ. ಒಂದೇ ಬ್ರ್ಯಾಂಡ್ ಈ ತಿಂಗಳು ಒಂದು ಕಾರ್ಖಾನೆಯಿಂದ, ಮುಂದಿನ ತಿಂಗಳು ಇನ್ನೊಂದರಿಂದ ಕೊಳ್ಳಬಹುದು. ನೋಡಬೇಕಾದದ್ದು ಡಿಸ್ಕಿನೊಳಗೇ ಕೆತ್ತಿರುವ ಗುರುತನ್ನು. ಪ್ರತಿ ಸಿಡಿ-ಆರ್‌ನಲ್ಲೂ ಮೊದಲೇ ಅಚ್ಚೊತ್ತಿದ ಒಂದು ಸುರುಳಿ ತೋಡು ಇರುತ್ತದೆ. ಅದು ನೇರವಾಗಿಲ್ಲ, ಸಣ್ಣಗೆ ಹಾವಿನಂತೆ ಬಳುಕುತ್ತದೆ. ಆ ಬಳುಕಿನಲ್ಲಿ ಎಟಿಐಪಿ ಎಂಬ ಮಾಹಿತಿ ಅಡಗಿದೆ. ಖಾಲಿ ಡಿಸ್ಕನ್ನು ಡ್ರೈವಿಗೆ ಹಾಕಿ ಇಮ್‌ಬರ್ನ್ ಎಂಬ ಬರ್ನಿಂಗ್ ಸಾಫ್ಟ್‌ವೇರ್ ತೆರೆದರೆ ಬಲಗಡೆ ಫಲಕದಲ್ಲಿ ನಿಮಿಷ, ಸೆಕೆಂಡ್, ಫ್ರೇಮ್ ರೂಪದಲ್ಲಿ ಅದು ಕಾಣುತ್ತದೆ:

97 ನಿಮಿಷ 24 ಸೆಕೆಂಡ್ 01 ಫ್ರೇಮ್: ತಾಯಿಯೋ ಯೂಡೆನ್
97 ನಿಮಿಷ 34 ಸೆಕೆಂಡ್ 23 ಫ್ರೇಮ್: ಮಿತ್ಸುಬಿಷಿ ಕೆಮಿಕಲ್
97 ನಿಮಿಷ 26 ಸೆಕೆಂಡ್ 66 ಫ್ರೇಮ್: ಸಿಎಂಸಿ ಮ್ಯಾಗ್ನೆಟಿಕ್ಸ್
97 ನಿಮಿಷ 15 ಸೆಕೆಂಡ್ 17 ಫ್ರೇಮ್: ರೈಟೆಕ್
97 ನಿಮಿಷ 17 ಸೆಕೆಂಡ್ 06 ಫ್ರೇಮ್: ಮೋಸರ್ ಬೇರ್ ಇಂಡಿಯಾ

ಇಲ್ಲಿ ಕೊನೆಯ ಅಂಕಿಯನ್ನು ಗಮನಿಸಿ. ಅದು 0ರಿಂದ 4ರ ಒಳಗಿದ್ದರೆ ಸಯನೈನ್ ಅಥವಾ ಏಜೋ ಬಗೆಯ ಡೈ, 5ರಿಂದ 9 ಆದರೆ ಥಾಲೋಸಯನೈನ್. ಬರ್ನರ್ ತನ್ನ ಲೇಸರ್ ಮಿಡಿತ ಉದ್ದವಿರಬೇಕೋ ಗಿಡ್ಡವಿರಬೇಕೋ ಎಂದು ತೀರ್ಮಾನಿಸುವುದು ಇದರಿಂದಲೇ. ಕಣ್ಣಿಗೂ ವ್ಯತ್ಯಾಸ ಕಾಣುತ್ತದೆ. ಏಜೋ ಡಿಸ್ಕಿನ ತಳ ಗಾಢ ನೀಲಿ, ಸಯನೈನ್ ಹಸಿರು ಬೆರೆತ ನೀಲಿ, ಥಾಲೋಸಯನೈನ್ ಹೆಚ್ಚುಕಡಿಮೆ ಬಣ್ಣವಿಲ್ಲದ ಬೆಳ್ಳಿ, ಓರೆಯಾಗಿ ಹಿಡಿದರೆ ತುಸು ಹಳದಿ ಹಸಿರು. ಹಳೆಯ ಕನ್ಸೋಲ್ ಬಳಸುವವರಲ್ಲಿ ಸಯನೈನ್ ಮತ್ತು ಏಜೋಗೆ ಮೊದಲಿಂದಲೂ ಒಲವು. ಅವು ಬರ್ನರಿನ ಶಕ್ತಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತವೆ. ಥಾಲೋಸಯನೈನ್ ಬೆಳಕಿಗೆ ಚೆನ್ನಾಗಿ ತಡೆಯುತ್ತದೆ, ಬಹಳ ವರ್ಷ ಬಾಳುತ್ತದೆ, ಆದರೆ ಬರ್ನ್ ಮಾಡುವಾಗ ಅಳತೆ ತಪ್ಪಿದರೆ ಕ್ಷಮಿಸುವುದಿಲ್ಲ. ಈಗ ಅಗ್ಗಕ್ಕೆ ಸಿಗುವುದೆಲ್ಲ ಬಹುತೇಕ ಇದೇ. ಹಾಗಾಗಿಯೇ ಸ್ಪೀಡ್ ಅಳೆಯುವ ಕೆಲಸಕ್ಕೆ ಇಷ್ಟು ಬೆಲೆ.

ಮಾರುಕಟ್ಟೆಯ ಸ್ಥಿತಿ ಗೊತ್ತಿದ್ದರೆ ಮೋಸ ಹೋಗುವುದು ತಪ್ಪುತ್ತದೆ. ಸಿಡಿ-ಆರ್ ಅನ್ನು ಹುಟ್ಟುಹಾಕಿದ ಜಪಾನಿನ ತಾಯಿಯೋ ಯೂಡೆನ್ 2015ರ ಕೊನೆಗೆ ಈ ವ್ಯಾಪಾರವನ್ನೇ ಬಿಟ್ಟಿತು. ಅದರ ತಂತ್ರಜ್ಞಾನ ತೈವಾನಿನ ಸಿಎಂಸಿಗೆ ಹೋಯಿತು, ಸಿಎಂಸಿ ಪ್ರೋ ಎಂಬ ಹೆಸರಿನಲ್ಲಿ ಬರುವುದು ಆ ಸಾಲಿನದು. ಏಜೋ ಡಿಸ್ಕ್‌ಗೆ ಹೆಸರಾದ ವರ್ಬೇಟಿಮ್ ಕೂಡ 2019ರಲ್ಲಿ ಸಿಎಂಸಿ ಪಾಲಾಯಿತು. ನಮ್ಮಲ್ಲಿ ಮನೆಮಾತಾಗಿದ್ದ ಮೋಸರ್ ಬೇರ್ 2018ರಲ್ಲಿ ಮುಚ್ಚುವ ಹಾದಿ ಹಿಡಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಊರಿನ ಹಳೆಯ ಸ್ಟೇಷನರಿ ಅಂಗಡಿಯಲ್ಲೋ ಮೋಸರ್ ಬೇರ್ ಸ್ಪಿಂಡಲ್ (ಖಾಲಿ ಡಿಸ್ಕ್‌ಗಳ ಡಬ್ಬಿ) ಸಿಕ್ಕಿದರೆ ಅದು ಹಳೆಯ ದಾಸ್ತಾನು ಎಂದೇ ಲೆಕ್ಕ. ಕೊಳ್ಳಬಾರದೆಂದಲ್ಲ, ಆದರೆ ಮೊದಲು ಒಂದು ಡಿಸ್ಕನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ, ಹೊರ ಅಂಚಿನಲ್ಲಿ ಪದರ ಮಸುಕಾಗಿದ್ದರೆ ಬಿಟ್ಟುಬಿಡಿ. ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಕೂತ ಡಿಸ್ಕಿನಲ್ಲಿ ಅಂಚೇ ಮೊದಲು ಹೋಗುವುದು.

74 ನಿಮಿಷವೋ 80 ನಿಮಿಷವೋ ಎಂಬ ಪ್ರಶ್ನೆ ಬರುತ್ತದೆ. 74 ನಿಮಿಷದ ಡಿಸ್ಕಿನಲ್ಲಿ ಸುರುಳಿಯ ಸಾಲುಗಳ ನಡುವೆ 1.6 ಮೈಕ್ರೋಮೀಟರ್ ಅಂತರ, 80ರದ್ದರಲ್ಲಿ ಅದನ್ನು ಸುಮಾರು 1.5ಕ್ಕೆ ಇಳಿಸಿ ಹೆಚ್ಚು ತುರುಕಿದ್ದಾರೆ. ತೀರ ಹಳೆಯ ಡ್ರೈವ್‌ಗಳಿಗೆ 74 ಹಿತ. ಆದರೆ ಅದು ಈಗ ಸಿಗುವುದು ಅಪರೂಪ, ಹೆಚ್ಚು ದುಡ್ಡು ಕೊಟ್ಟು ಬೆನ್ನಟ್ಟುವಷ್ಟು ಲಾಭವಿಲ್ಲ. 90, 99 ನಿಮಿಷದ್ದನ್ನು ಮಾತ್ರ ಮುಟ್ಟಬೇಡಿ.

ಕಪ್ಪು ತಳದ ಸಿಡಿ-ಆರ್ ಪ್ಲೇಸ್ಟೇಷನ್‌ಗೆ ಒಳ್ಳೆಯದು ಎಂಬ ಇನ್ನೊಂದು ನಂಬಿಕೆ ಇದೆ. ಸೋನಿಯ ಮೂಲ ಡಿಸ್ಕ್ ಕಪ್ಪಗಿತ್ತು, ಅದಕ್ಕೇ ಈ ಕಥೆ. ಸಿಡಿ ಲೇಸರಿನ 780 ನ್ಯಾನೋಮೀಟರ್ ಬೆಳಕು ಅವಕೆಂಪಿಗೆ ಸೇರಿದ್ದು, ಕಪ್ಪು ಪ್ಲಾಸ್ಟಿಕ್ ಅದಕ್ಕೆ ಗಾಜಿನ ಹಾಗೆಯೇ. ನೋಡುವುದಕ್ಕೆ ಚೆಂದ, ಅಷ್ಟೇ. ಓದು ನಿಂತಿರುವುದು ಒಳಗಿನ ಡೈ ಮೇಲೆ.

ಕನ್ಸೋಲಿಗೊಂದು ಲೆಕ್ಕ

ಪಿಸಿ ಎಂಜಿನ್ ಸಿಡಿ, ಸೆಗಾ ಸಿಡಿ, 3ಡಿಒ, ನಿಯೋ ಜಿಯೋ ಸಿಡಿ: ಈ ನಾಲ್ಕೂ ಬರ್ನ್ ಮಾಡಿದ ಡಿಸ್ಕನ್ನು, ನಕಲು ತಡೆಯುವ ಬೀಗ ದಾಟಿಸುವ ಯಾವ ಚಿಪ್ (ಮೋಡ್‌ಚಿಪ್) ಇಲ್ಲದೆ ಓದುತ್ತವೆ. ಅವು ಬಂದ ಕಾಲಕ್ಕೆ ಮನೆಯಲ್ಲಿ ಸಿಡಿ ಬರೆಯುತ್ತಾರೆಂಬ ಯೋಚನೆಯೇ ಇರಲಿಲ್ಲ. 3ಡಿಒ 2 ಎಕ್ಸ್‌ನಲ್ಲಿ ಓದಿದರೆ ಉಳಿದ ಮೂರು 1 ಎಕ್ಸ್‌ನವು. ಓದುವ ವೇಗಕ್ಕೂ ಬರ್ನ್ ಮಾಡುವ ವೇಗಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1 ಎಕ್ಸ್ ಕನ್ಸೋಲಿಗೆ 1 ಎಕ್ಸ್‌ನಲ್ಲಿ ಬರೆಯಬೇಕು ಎನ್ನುವುದು ಬರೀ ಅಂಕಿಯ ಮೋಹ. ಈ ಗುಂಪಿನ ಬಹಳಷ್ಟು ಆಟಗಳಲ್ಲಿ ಆಡಿಯೋ ಟ್ರ್ಯಾಕ್‌ಗಳು ರಾಶಿ ಇರುವುದರಿಂದ ಡಿಸ್ಕಿನ ಗುಣಮಟ್ಟಕ್ಕಿಂತ ಇಮೇಜ್ ಫೈಲ್ (ಡಿಸ್ಕಿನ ಪೂರ್ತಿ ನಕಲಿರುವ ಫೈಲ್) ಸರಿಯಿಲ್ಲದ್ದೇ ಹೆಚ್ಚು ಕಾಡುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ಪ್ಲೇಸ್ಟೇಷನ್ 1ರ ಮೂಲ ಡಿಸ್ಕಿನ ಒಳ ಅಂಚಿನಲ್ಲಿ ಸುರುಳಿ ಸಾಲಿನ ಬಳುಕಿನಲ್ಲೇ ನಾಲ್ಕು ಅಕ್ಷರ ಅಡಗಿವೆ: ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ. ಸಿಡಿ-ಆರ್‌ನಲ್ಲಿ ತೋಡು ಮೊದಲೇ ಅಚ್ಚಾಗಿದೆ, ಅದರ ಬಳುಕು ಎಟಿಐಪಿಗೆ ಮುಡಿಪು. ಬರ್ನರ್ ಡೈಯನ್ನು ಕಾಯಿಸಬಲ್ಲದು, ತೋಡನ್ನು ಬಗ್ಗಿಸಲಾರದು. ಆದ್ದರಿಂದ ಎಂಥ ಡಿಸ್ಕ್ ತಂದರೂ, ಯಾವ ವೇಗದಲ್ಲಿ ಬರೆದರೂ ಮೋಡ್‌ಚಿಪ್ ಅಥವಾ ಟೋನಿಹ್ಯಾಕ್ಸ್, ಫ್ರೀಪಿಎಸ್‌ಎಕ್ಸ್‌ಬೂಟ್‌ನಂಥ ಮೆಮೊರಿ ಕಾರ್ಡ್ ಉಪಾಯ ಇಲ್ಲದೆ ಆಟ ತೆರೆಯುವುದಿಲ್ಲ. ಯುರೋಪಿನ ಕೆಲವು ಆಟಗಳಲ್ಲಿ ಲಿಬ್‌ಕ್ರಿಪ್ಟ್ ಎಂಬ ಎರಡನೇ ಬೀಗವೂ ಇದೆ. ಡೇಟಾದ ಪಕ್ಕದಲ್ಲಿ ಹರಿಯುವ ಸಬ್‌ಚಾನೆಲ್ ಎಂಬ ಪುಟ್ಟ ಮಾಹಿತಿಯಲ್ಲಿ ಬೇಕೆಂದೇ ಹಾಕಿದ ತಪ್ಪುಗಳನ್ನು ಅದು ಹುಡುಕುತ್ತದೆ. ಬರೀ ಬಿನ್ (ಡೇಟಾ) ಮತ್ತು ಕ್ಯೂ (ಟ್ರ್ಯಾಕ್‌ಗಳ ಪಟ್ಟಿ) ಫೈಲಿನಿಂದ ಬರ್ನ್ ಮಾಡಿದರೆ ಆ ತಪ್ಪುಗಳು ಡಿಸ್ಕಿಗೆ ಬರುವುದಿಲ್ಲ, ಆಟ ನಡುವೆಲ್ಲೋ ಮರ್ಮವಾಗಿ ನಿಲ್ಲುತ್ತದೆ. ಸಬ್‌ಚಾನೆಲ್ ಸಮೇತ ಬರೆಯಬಲ್ಲ ಕ್ಲೋನ್‌ಸಿಡಿ ಬೇಕು, ಇಲ್ಲವೇ ಇಮೇಜಿಗೆ ಪ್ಯಾಚ್ ಹಾಕಬೇಕು. ಮೊದಮೊದಲ ಪ್ಲೇಸ್ಟೇಷನ್‌ಗಳಲ್ಲಿ ಪಿಕಪ್ ಜಾರುವ ಹಳಿ ಪ್ಲಾಸ್ಟಿಕ್ಕಿನದು. ಅದು ಸವೆದು ಲೆನ್ಸ್ ವಾಲುತ್ತಿತ್ತು. ಜನ ಕನ್ಸೋಲನ್ನೇ ತಲೆಕೆಳಗಾಗಿಟ್ಟು ಆಡುತ್ತಿದ್ದದ್ದು ಅದಕ್ಕೇ. ಅಂಥ ಯಂತ್ರದಲ್ಲಿ ವೀಡಿಯೋ ತಡವರಿಸಿದರೆ ಡಿಸ್ಕನ್ನು ಬೈಯುವುದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಸ್ಯಾಟರ್ನ್ ಕಾವಲು ಇನ್ನೊಂದು ತುದಿಯಲ್ಲಿದೆ. ಡಿಸ್ಕಿನ ತೀರ ಹೊರ ಅಂಚಿನ ಉಂಗುರದಲ್ಲಿ ಮನೆಯ ಬರ್ನರ್ ಬರೆಯಲಾಗದ ಗುರುತಿದೆ, ಶುರುವಿನಲ್ಲೇ ಪಿಕಪ್ ಅಲ್ಲಿಗೆ ಹೋಗಿ ನೋಡಿ ಬರುತ್ತದೆ. ಮೋಡ್‌ಚಿಪ್ ಅಥವಾ ಸೂಡೋ ಸ್ಯಾಟರ್ನ್ ಕೈ ತುಂಬಿದ ಕಾರ್ಟ್ರಿಜ್ ಬೇಕು. ಕಾರ್ಟ್ರಿಜ್ ದಾರಿಯಲ್ಲಿ ಪ್ರದೇಶದ ಬೀಗವೂ ಬಿಡುತ್ತದೆ. ಡಿಸ್ಕ್ ಮಟ್ಟಿಗೆ ಸ್ಯಾಟರ್ನ್ ಅಷ್ಟು ಹಟಮಾರಿಯಲ್ಲ.

ಡ್ರೀಮ್‌ಕಾಸ್ಟ್ ವಿಚಾರ ಸ್ವಲ್ಪ ಹೆಚ್ಚು ಹೇಳಬೇಕು. ಅದರ ಮೂಲ ಡಿಸ್ಕ್ ಜಿಡಿ-ರೋಮ್, ಸುಮಾರು 1 ಗಿಗಾಬೈಟ್. ಆದರೆ ಸೆಗಾ ಎಂಐಎಲ್-ಸಿಡಿ ಎಂಬ ಸಂಗೀತ ಡಿಸ್ಕ್‌ಗೆಂದು ತೆರೆದಿಟ್ಟ ಬಾಗಿಲಿನಿಂದ ಸಿಡಿ-ಆರ್ ನೇರವಾಗಿ ಬೂಟ್ ಆಗುತ್ತದೆ, ಚಿಪ್ ಬೇಡ. 2000ದ ಕೊನೆಯ ಹೊತ್ತಿಗೆ ಸೆಗಾ ಆ ಬಾಗಿಲು ಮುಚ್ಚಿತು. ಕನ್ಸೋಲ್ ತಿರುಗಿಸಿ ತಳದ ಚೀಟಿಯಲ್ಲಿ ವೃತ್ತದೊಳಗಿನ ಅಂಕಿ ನೋಡಿ. 0 ಅಥವಾ 1 ಇದ್ದರೆ ನಿಶ್ಚಿಂತೆ, 2 ಇದ್ದರೆ ಬೂಟ್ ಆಗದಿರುವ ಸಾಧ್ಯತೆ ಇದೆ. ಇಮೇಜ್ ಸಾಮಾನ್ಯವಾಗಿ ಸಿಡಿಐ ರೂಪದಲ್ಲಿರುತ್ತದೆ, ಎರಡು ಸೆಷನ್, ಅಂದರೆ ಎರಡು ಕಂತಿನಲ್ಲಿ ಬರೆಯುವಂಥದ್ದು. ಒಂದು ಬಗೆಯಲ್ಲಿ ಮೊದಲು ಪುಟ್ಟ ಆಡಿಯೋ ಟ್ರ್ಯಾಕ್, 302 ಸೆಕ್ಟರ್, ನಾಲ್ಕು ಸೆಕೆಂಡ್ ಚಿಲ್ಲರೆ. ಸೆಷನ್‌ಗಳ ನಡುವೆ 11,400 ಸೆಕ್ಟರ್ ಖಾಲಿ ಹೋಗುವುದರಿಂದ ಡೇಟಾ 11,702ರಿಂದ ಶುರು. ಹೋಂಬ್ರೂ (ಹವ್ಯಾಸಿಗಳು ಬರೆದ) ಆಟವನ್ನು ನೀವೇ ಕಟ್ಟುವಾಗ ಈ ಸಂಖ್ಯೆ ತಪ್ಪಿದರೆ ಕನ್ಸೋಲ್ ಡಿಸ್ಕನ್ನು ಬರೀ ಹಾಡಿನ ಸಿಡಿ ಎಂದುಕೊಂಡು ಪ್ಲೇಯರ್ ತೆರೆದು ಕೂರುತ್ತದೆ. ಡ್ರೀಮ್‌ಕಾಸ್ಟ್ ಡಿಸ್ಕನ್ನು ಒಂದೇ ಸುತ್ತುವೇಗದಲ್ಲಿ ತಿರುಗಿಸುತ್ತದೆ. ಹಾಗಾಗಿ ಹೊರ ಅಂಚಿನಲ್ಲಿದ್ದಷ್ಟೂ ಓದು ಚುರುಕು. ಇಮೇಜ್ ಕಟ್ಟುವವರು ಮೊದಲು ಖಾಲಿ ಫೈಲೊಂದನ್ನು ತುಂಬಿ ನಿಜವಾದ ಆಟವನ್ನು ಹೊರಕ್ಕೆ ತಳ್ಳುವುದು ಇದಕ್ಕೆ. ಫಲವಾಗಿ 80 ನಿಮಿಷವೂ ಭರ್ತಿಯಾಗುತ್ತದೆ, ಆಟವೆಲ್ಲ ಡಿಸ್ಕಿನ ಅತಿ ದುರ್ಬಲ ಭಾಗದಲ್ಲೇ ಕೂರುತ್ತದೆ. ಡ್ರೀಮ್‌ಕಾಸ್ಟಿಗೆ 16 ಎಕ್ಸ್ ಮೀರಬೇಡಿ ಎನ್ನುವುದು ಇದೇ ಕಾರಣಕ್ಕೆ. ಇನ್ನು, ಆಟದ ನಡುವೆ ಕನ್ಸೋಲ್ ತಾನಾಗಿ ರೀಸೆಟ್ ಆಗುತ್ತಿದ್ದರೆ ಡಿಸ್ಕ್ ಬದಲಿಸುತ್ತ ಕೂರಬೇಡಿ. ಪವರ್ ಬೋರ್ಡನ್ನು ಎತ್ತಿ ಅದರ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿದರೆ ಬಹುತೇಕ ನಿಲ್ಲುತ್ತದೆ.

ಪ್ಲೇಸ್ಟೇಷನ್ 2ರಲ್ಲಿ ಸಿಡಿಗೆ 780 ಮತ್ತು ಡಿವಿಡಿಗೆ 650 ನ್ಯಾನೋಮೀಟರಿನ ಎರಡು ಲೇಸರ್ ಇವೆ. ಒಂದು ಸೋತು ಇನ್ನೊಂದು ಗಟ್ಟಿಯಾಗಿರುವುದು ಸಾಮಾನ್ಯ. ಡಿವಿಡಿ ಚೆನ್ನಾಗಿ ಓದಿ ಸಿಡಿ ಮಾತ್ರ ಓದದಿದ್ದರೆ ಡಿಸ್ಕ್ ತಪ್ಪಲ್ಲ. ಡಿವಿಡಿ-ಆರ್ ಕೊಳ್ಳುವುದು ಸುರಕ್ಷಿತ. ಡಿವಿಡಿ+ಆರ್ ಬಳಸುವುದಾದರೆ ಬರ್ನ್ ಮಾಡುವ ಮುಂಚೆ ಡಿಸ್ಕಿನ ಬಗೆ ಹೇಳುವ ಬುಕ್ ಟೈಪ್ ಎಂಬ ಗುರುತನ್ನು ಡಿವಿಡಿ-ರೋಮ್ ಎಂದು ಬದಲಿಸಬೇಕು, ಎಲ್ಲ ಡ್ರೈವ್‌ಗಳೂ ಅದಕ್ಕೆ ಒಪ್ಪುವುದಿಲ್ಲ. ಡಿವಿಡಿ-ಆರ್‌ನಲ್ಲಿ 4,707,319,808 ಬೈಟ್ ಹಿಡಿದರೆ +ಆರ್‌ನಲ್ಲಿ 4,700,372,992 ಮಾತ್ರ. ಅಂಚಿಗೆ ಬರುವ ಇಮೇಜ್‌ಗಳಲ್ಲಿ ಈ ಏಳು ಮೆಗಾಬೈಟ್ ಲೆಕ್ಕಕ್ಕೆ ಬರುತ್ತದೆ. ಡಿವಿಡಿಯಲ್ಲೂ ಮೀಡಿಯಾ ಕೋಡ್ ನೋಡಿ: ಎಂಸಿಸಿ 03ಆರ್‌ಜಿ20 ಎಂದರೆ ವರ್ಬೇಟಿಮ್‌ನ ಒಳ್ಳೆಯ ಸಾಲು, ಟಿವೈಜಿ03 ತಾಯಿಯೋ ಯೂಡೆನ್‌ನದು. ಚಿಪ್ ಇಲ್ಲದ ಕನ್ಸೋಲಿನಲ್ಲಿ ಫ್ರೀ ಮೆಕ್‌ಬೂಟ್ ಇರುವ ಮೆಮೊರಿ ಕಾರ್ಡ್ ಹಾಗೂ ಇಎಸ್‌ಆರ್ ಪ್ಯಾಚ್ ಹಾಕಿದ ಇಮೇಜ್ ಜೊತೆಯಾಗಿ ಕೆಲಸ ಮಾಡುತ್ತವೆ. ಆದರೆ 2.30 ಬಯೋಸ್ ಇರುವ ಎಸ್‌ಸಿಪಿಎಚ್-90000 ಸಾಲಿನ ಸ್ಲಿಮ್‌ಗಳಲ್ಲಿ ಫ್ರೀ ಮೆಕ್‌ಬೂಟ್ ನಡೆಯುವುದಿಲ್ಲ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ: ನಿಮ್ಮ ಬಳಿಯಿರುವ ಮೂಲ ಪ್ರತಿ ಹಾಳಾಗದಂತೆ ಬ್ಯಾಕಪ್ ಮಾಡಿಕೊಳ್ಳಲು ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಅದನ್ನು ಹಂಚಲು ಅಲ್ಲ. ಹೋಂಬ್ರೂ ಆಟಗಳಿಗೆ ಈ ಚಿಂತೆ ಇಲ್ಲ.

ಬರ್ನ್ ಮಾಡುವ ಕ್ರಮ

ಇಮೇಜ್ ಮೊದಲು ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲಿರಲಿ, ಪೆನ್‌ಡ್ರೈವಿನಿಂದಲೋ ವೈಫೈ ಮೂಲಕವೋ ನೇರ ಬರೆಯಬೇಡಿ. ಬಫರ್ ಬರಿದಾದರೂ ಈಗಿನ ಡ್ರೈವ್ ನಿಂತು ಮುಂದುವರಿಸುತ್ತದೆ ನಿಜ, ಆದರೆ ನಿಂತ ಜಾಗದಲ್ಲಿ ಸಣ್ಣದೊಂದು ಬೆಸುಗೆ ಉಳಿಯುತ್ತದೆ. ಕಂಪ್ಯೂಟರ್ ಅದನ್ನು ದಾಟಿಬಿಡುತ್ತದೆ, ಹಳೆಯ ಕನ್ಸೋಲ್ ಎಡವಬಹುದು. ಇಮೇಜ್ ಸಿಎಚ್‌ಡಿ ಎಂಬ ಕುಗ್ಗಿಸಿದ ರೂಪದಲ್ಲಿದ್ದರೆ ಸಿಎಚ್‌ಡಿಮ್ಯಾನ್‌ನಿಂದ ಬಿನ್ ಮತ್ತು ಕ್ಯೂಗೆ ಬಿಚ್ಚಿಕೊಳ್ಳಿ.

ಇಮ್‌ಬರ್ನ್‌ನಲ್ಲಿ ಇಮೇಜ್ ಫೈಲನ್ನು ಡಿಸ್ಕಿಗೆ ಬರೆಯುವ ಮೊದಲ ಆಯ್ಕೆ ಒತ್ತಿ. ಫೈಲ್ ಕೇಳಿದಾಗ ಬಿನ್ ಅಲ್ಲ, ಕ್ಯೂ ಆರಿಸಿ. ಇಲ್ಲಿ ಎಡವುವವರೇ ಹೆಚ್ಚು. ಯಾವ ಟ್ರ್ಯಾಕ್ ಡೇಟಾ, ಯಾವುದು ಆಡಿಯೋ, ಎಲ್ಲಿ ಎಷ್ಟು ಬಿಡುವು ಎಂಬುದೆಲ್ಲ ಕ್ಯೂನಲ್ಲಿದೆ. ಬರೀ ಬಿನ್ ಅಥವಾ ಐಎಸ್‌ಒ ಬರೆದರೆ ಆಟ ನಡೆದೀತು, ಸಂಗೀತ ಇರುವುದಿಲ್ಲ. ಕ್ಯೂ ಕಳೆದುಹೋಗಿದ್ದು ಒಂದೇ ಟ್ರ್ಯಾಕ್ ಇದ್ದರೆ ನೋಟ್‌ಪ್ಯಾಡಿನಲ್ಲೇ ಮೂರು ಸಾಲು ಬರೆದುಕೊಳ್ಳಬಹುದು: ಪ್ಲೇಸ್ಟೇಷನ್‌ಗೆ ಮೋಡ್ 2 ಮತ್ತು 2352, ಸ್ಯಾಟರ್ನ್ ಹಾಗೂ ಸೆಗಾ ಸಿಡಿಗೆ ಸಾಮಾನ್ಯವಾಗಿ ಮೋಡ್ 1 ಮತ್ತು 2352. ಆಡಿಯೋ ಟ್ರ್ಯಾಕ್‌ಗಳಿರುವ ಆಟಕ್ಕೆ ಹೀಗೆ ಊಹಿಸಿ ಬರೆಯಲು ಹೋಗಬೇಡಿ, ಸರಿಯಾದ ಇಮೇಜ್ ಮತ್ತೆ ತೆಗೆಯಿರಿ.

ಬರೆಯುವ ವಿಧಾನ ಡಿಸ್ಕ್-ಅಟ್-ಒನ್ಸ್ ಇರಲಿ, ಕೆಲವು ಕಡೆ ಅದನ್ನೇ ಸೆಷನ್-ಅಟ್-ಒನ್ಸ್ ಎನ್ನುತ್ತಾರೆ. ಟ್ರ್ಯಾಕ್-ಅಟ್-ಒನ್ಸ್ ಇಟ್ಟರೆ ಪ್ರತಿ ಟ್ರ್ಯಾಕಿನ ನಡುವೆ ಲೇಸರ್ ಆರಿ ಎರಡು ಸೆಕೆಂಡಿನ ಬಿಡುವು ಸೇರಿಕೊಳ್ಳುತ್ತದೆ. ಆಟ ಹುಡುಕುವ ಜಾಗ ಒಂದು, ಹಾಡು ಇರುವ ಜಾಗ ಇನ್ನೊಂದು ಆಗುತ್ತದೆ. ಲಿನಕ್ಸಿನಲ್ಲಿ ಸಿಡಿಆರ್‌ಡಿಎಒ ಬಳಸುವವರಿಗೆ ಬೇರೆಯೇ ಗೋಳು: ಬೈಟ್ ಕ್ರಮ ಅದಲುಬದಲಾದರೆ ಸಂಗೀತದ ಬದಲು ಕಿವಿಗಡಚಿಕ್ಕುವ ಗರಗರ ಸದ್ದು ಬರುತ್ತದೆ. ಆಗ ಬೈಟ್ ಅದಲುಬದಲು ಮಾಡುವ ಆಯ್ಕೆ ಕೊಟ್ಟು ಮತ್ತೆ ಬರೆಯಬೇಕು. ಆ ಸದ್ದಿಗೂ ಡಿಸ್ಕಿಗೂ ಸಂಬಂಧವಿಲ್ಲ.

ಬರ್ನರನ್ನು ಅಲುಗಾಡದ ಮೇಜಿನ ಮೇಲಿಡಿ. ತೆಳ್ಳನೆ ಯುಎಸ್‌ಬಿ ಡ್ರೈವ್ ಆದರೆ ಲ್ಯಾಪ್‌ಟಾಪಿಗೆ ನೇರವಾಗಿ ಚುಚ್ಚಿ. ಹಬ್ ನಡುವೆ ಬಂದರೆ ಕರೆಂಟ್ ಸಾಲದೆ ಬರ್ನ್ ಅರ್ಧಕ್ಕೆ ಕೆಡುತ್ತದೆ. ವೆರಿಫೈ ಗುರುತು ಹಾಕಿಯೇ ಬರೆಯಿರಿ. ಆದರೆ ಅದು ಪಾಸಾಯಿತು ಎಂದರೆ ಇದೇ ಡ್ರೈವ್ ಓದಬಲ್ಲದು ಎಂದಷ್ಟೇ ಅರ್ಥ, ನಿಮ್ಮ ಮೂವತ್ತು ವರ್ಷದ ಸೆಗಾ ಸಿಡಿ ಓದುತ್ತದೆ ಎಂದಲ್ಲ.

ಅಳೆದು ನೋಡುವುದು

ಒಂದೇ ಸ್ಪಿಂಡಲಿನ ಮೂರು ಡಿಸ್ಕ್ ತೆಗೆದುಕೊಳ್ಳಿ, 650 ಮೆಗಾಬೈಟ್ ಮೀರಿದ ಒಂದೇ ಇಮೇಜನ್ನು ಮೂರು ವೇಗದಲ್ಲಿ ಬರೆಯಿರಿ: ಡ್ರೈವಿನ ಕನಿಷ್ಠ ವೇಗ, ಅದರ ಮೇಲಿನ ಮೆಟ್ಟಿಲು, ಆಮೇಲೆ 24. ಕನಿಷ್ಠವೇ 16 ಆಗಿದ್ದರೆ 16, 24, 32. ಲೈಟ್‌ಆನ್ ಮೂಲದ ಹಲವು ಡ್ರೈವ್‌ಗಳು ನೀರೋ ಡಿಸ್ಕ್‌ಸ್ಪೀಡ್ ಅಥವಾ ಕ್ಯುಪಿಎಕ್ಸ್‌ಟೂಲ್ ಜೊತೆ ಸಿ1 ಮತ್ತು ಸಿ2 ದೋಷಗಳನ್ನು ಎಣಿಸಿ ತೋರಿಸುತ್ತವೆ. ಸಿ1 ಎಂದರೆ ತಿದ್ದಲಾಗುವ ಸಣ್ಣ ತಪ್ಪು, ಸೆಕೆಂಡಿಗೆ ಸರಾಸರಿ 220 ಮೀರಬಾರದೆಂಬುದು ಸಿಡಿಯ ಮೂಲ ಮಿತಿ. ಅದು ತೀರ ಸಡಿಲ. ಕನ್ಸೋಲಿಗೆ ಕೊಡುವ ಡಿಸ್ಕಿನಲ್ಲಿ ಸರಾಸರಿ 5ರ ಒಳಗೆ, ಶಿಖರ 50ರ ಒಳಗೆ ಇರಲಿ. ಅದಕ್ಕಿಂತ ದೊಡ್ಡ ತಪ್ಪಾದ ಸಿ2 ಒಂದೂ ಇರಬಾರದು. ಡಿವಿಡಿಯಲ್ಲಿ ಸಣ್ಣ ತಪ್ಪಾದ ಪಿಐ ದೋಷಕ್ಕೆ 280, ಮೊದಲ ಹಂತದಲ್ಲಿ ತಿದ್ದಲಾಗದ ಪಿಐಎಫ್‌ಗೆ 4 ಮೇಲ್ಮಿತಿ. ಮೂರು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಎದ್ದು ಕಾಣುತ್ತದೆ. ಕನಿಷ್ಠ ವೇಗದ್ದು ಉದ್ದಕ್ಕೂ ದಪ್ಪಗೆ, 24ರದ್ದು ಕೊನೆಗೆ ಏರುತ್ತಾ, ನಡುವಿನದು ಸಪಾಟಾಗಿ ಇರುವುದು ಸಾಮಾನ್ಯ. ಸಪಾಟಾದದ್ದನ್ನು ಆರಿಸಿ, ಸ್ಪಿಂಡಲ್ ಡಬ್ಬಿಯ ಮೇಲೆ ಆ ವೇಗ ಬರೆದಿಡಿ. ಹೊಸ ಸ್ಪಿಂಡಲ್ ಬಂದಾಗ ಕೋಡ್ ಬದಲಾಗಿದ್ದರೆ ಮತ್ತೆ ಮೂರು ಡಿಸ್ಕ್ ಖರ್ಚು.

ಎಣಿಸುವ ಡ್ರೈವ್ ಇಲ್ಲದವರಿಗೆ ಒಂದು ಸುಲಭ ಉಪಾಯ ಇದೆ, ಇದಕ್ಕೆ ಚಿಪ್ ಕೂಡ ಬೇಡ. 78, 79 ನಿಮಿಷದ ಹಾಡಿನ ಸಿಡಿಯೊಂದನ್ನು ಅದೇ ಡಿಸ್ಕ್, ಅದೇ ವೇಗದಲ್ಲಿ ಬರೆಯಿರಿ. ಪ್ಲೇಸ್ಟೇಷನ್, ಸ್ಯಾಟರ್ನ್, ಸೆಗಾ ಸಿಡಿ, ಡ್ರೀಮ್‌ಕಾಸ್ಟ್ ಎಲ್ಲದರಲ್ಲೂ ಹಾಡಿನ ಸಿಡಿ ಪ್ಲೇಯರ್ ಇದೆ. ಕೊನೆಯ ಟ್ರ್ಯಾಕಿಗೆ ಹಾರಿ ಪೂರ್ತಿ ಕೇಳಿ, ಆಮೇಲೆ ಮೊದಲಿಗೂ ಕೊನೆಗೂ ಹಲವು ಸಲ ಹಾರಿಸಿ. ಅಂಗಡಿಯಿಂದ ಕೊಂಡ ಆಡಿಯೋ ಸಿಡಿಯೂ ತಡವರಿಸಿದರೆ ಕನ್ಸೋಲಿಗೆ ಚಿಕಿತ್ಸೆ ಬೇಕು. ಅದು ಸಲೀಸಾಗಿ ಓಡಿ ನಿಮ್ಮದು ಮಾತ್ರ ತಡವರಿಸಿದರೆ ಡಿಸ್ಕ್ ಅಥವಾ ವೇಗ ಬದಲಿಸಿ.

ಓದದಿದ್ದರೆ

ಮೊದಲು ಲೆನ್ಸ್. ಹತ್ತಿಕಡ್ಡಿಗೆ 99 ಶೇಕಡಾ ಐಸೊಪ್ರೊಪೈಲ್ ಒಂದೆರಡು ಹನಿ, ಒತ್ತದೆ ಸುತ್ತಿಸಿ ಒರೆಸಿ, ಆರಲು ಬಿಡಿ. ಆಮೇಲೆ ಪಿಕಪ್ ಜಾರುವ ಹಳಿ: ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ, ಒರೆಸಿ ತೆಗೆದು ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ. ಮೂರನೆಯದಾಗಿ ಬೇರೆ ಕೋಡ್ ಇರುವ ಡಿಸ್ಕ್. ಲೇಸರಿನ ಶಕ್ತಿ ಹೊಂದಿಸುವ ಪುಟ್ಟ ತಿರುಪು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ತಿರುಗಿಸುವ ಮುಂಚೆ ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ ಅಳೆದು ಬರೆದುಕೊಳ್ಳದವರು ಅದನ್ನು ಮುಟ್ಟಲೇಬಾರದು. ಶಕ್ತಿ ಏರಿಸಿದರೆ ಇಂದು ಓದಿದ ಡಯೋಡ್ ಬೇಗ ಸಾಯುತ್ತದೆ.

ಸಿಡಿ-ಆರ್ ಹಾಕಿದರೆ ಲೇಸರ್ ಸುಟ್ಟುಹೋಗುತ್ತದೆ ಎಂಬ ಹೆದರಿಕೆಗೆ ಬುಡವಿಲ್ಲ. ಡಯೋಡಿನ ಶಕ್ತಿಯನ್ನು ಪಿಕಪ್ ಒಳಗಿನ ಕಾವಲು ಸರ್ಕ್ಯೂಟ್ ಸ್ಥಿರವಾಗಿ ಇಡುತ್ತದೆ, ಡಿಸ್ಕ್ ಯಾವುದೇ ಇರಲಿ. ಕೆಟ್ಟ ಬರ್ನ್‌ನಿಂದ ಸವೆಯುವುದು ಪಿಕಪ್ ಎಳೆಯುವ ಮೋಟಾರು ಮತ್ತು ಗಿಯರು, ಮತ್ತೆ ಮತ್ತೆ ಹಿಂದೆ ಮುಂದೆ ಓಡಾಡಿ.

ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ತೂಕ ಒಂದು ಕಡೆಗೆ ವಾಲುತ್ತದೆ, ಡ್ರೀಮ್‌ಕಾಸ್ಟಿನಂಥ ವೇಗದ ಡ್ರೈವಿನಲ್ಲಿ ಡಿಸ್ಕ್ ಗುನುಗಲು ಶುರುಮಾಡುತ್ತದೆ, ಮಳೆಗಾಲದಲ್ಲಿ ಕಾಗದ ಉಬ್ಬುತ್ತದೆ. ಬಾಲ್‌ಪೆನ್ನೂ ಬೇಡ. ಸಿಡಿ-ಆರ್‌ನಲ್ಲಿ ಡೈ ಮತ್ತು ಬೆಳ್ಳಿ ಪದರ ಇರುವುದು ಮೇಲ್ಗಡೆಯ ತೆಳು ಲ್ಯಾಕರಿನ ಕೆಳಗೇ, ತಳದ ಗೀರಿಗಿಂತ ಮೇಲಿನ ಗೀರು ಮಾರಕ. ಸಿಡಿಗೆಂದೇ ಬರುವ ಮೆತ್ತನೆ ಮಾರ್ಕರಿನಲ್ಲಿ ಆಟದ ಹೆಸರು, ಬರೆದ ವೇಗ, ತಾರೀಕು ಮೂರನ್ನೂ ನಡುವಿನ ಪಾರದರ್ಶಕ ಬಳೆಯ ಮೇಲೆ ಬರೆದು, ಬಿಸಿಲು ಬೀಳದ ಕಡೆ ನಿಲ್ಲಿಸಿ ಇಡಿ.